ಕೊಯ್ದವಳಿಗೆ ಅರ್ಧ

ಕಲ್ಲು ಕೈಗೆ ಬಂದ ಕೂಡಲೇ ಕೆಂಪಕ್ಕ ಅದನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಿದ್ದರು. ಇದು ನನ್ನ ನೆನಪು. ನಾಲಿಗೆಗೋ ಕೆಳದುಟಿಗೋ ಎಂದು ಯಾರಾದರೂ ಒತ್ತಿ ಕೇಳಿದರೆ ಪ್ರಮಾಣ ಮಾಡಲಾರೆ. ಅವರ ಮನೆಯ ಬಾಗಿಲು ಪೂರ್ವಕ್ಕಿತ್ತೋ ಉತ್ತರಕ್ಕೋ, ಸೀರೆ ಯಾವಾಗಲೂ ಮಣ್ಣಿನ ಬಣ್ಣದ್ದೇ ಆಗಿತ್ತೋ ಅಥವಾ ಕಲ್ಲಿನ ಕೆಸರು ಸಿಡಿದು ಹಾಗೆ ಕಾಣುತ್ತಿತ್ತೋ, ಅದೂ ಗೊತ್ತಿಲ್ಲ. ಆಗ ಬರೆದ ದಿನಚರಿಯ ಪುಸ್ತಕಗಳು ನನ್ನ ಬಳಿ ಇವೆ. ಮುಖ್ಯವೆಂದು ಈಗ ಅನ್ನಿಸುವ ಒಂದು ಸಂಗತಿಯೂ ಅವುಗಳಲ್ಲಿ ನೆಟ್ಟಗೆ ಇಲ್ಲ. ಹಾಲಿನವನು ಬರಲಿಲ್ಲ ಎಂದಿದೆ. ಹೊಸ ಚಪ್ಪಲಿ ಕಚ್ಚಿತು ಎಂದಿದೆ. ಆದರೂ ಬರೆಯುತ್ತೇನೆ. ಬರೆಯದೆ ಬಿಟ್ಟರೆ ಕಾಲೇಜಿನ ಗಾಜಿನ ಕಪಾಟಿನಲ್ಲಿರುವ ಒಂದು ಚೀಟಿ ಮಾತ್ರ ಉಳಿಯುತ್ತದೆ. ಆ ಚೀಟಿಯಲ್ಲಿರುವುದು ಸುಳ್ಳು.

ಐವತ್ತರ ದಶಕದ ನಡುವಿನ ವರ್ಷಗಳು. ರಾಜಾಜಿನಗರದಲ್ಲಿ ಆಗ ರಸ್ತೆಗಳಿಗೆ ನಂಬರು ಬಂದಿತ್ತು, ರಸ್ತೆಗಳು ಇನ್ನೂ ಬಂದಿರಲಿಲ್ಲ. ನಮ್ಮ ಮನೆಯ ಹಿಂದಿನ ಸಾಲು ಮುಗಿದರೆ ರಾಗಿ ಹೊಲ, ಹೊಲದಾಚೆಯಿಂದ ಕಾರ್ಖಾನೆಯ ಸೈರನ್ನು. ಆ ಕೊನೆಯ ಸಾಲಿನ ಹೆಂಚಿನ ಮನೆ ಕೆಂಪಕ್ಕನದು. ಹಾದಿಯಲ್ಲಿ ಹೋಗುವವರಿಗೆ ಒಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು ಕೇಳಿಸುತ್ತಿತ್ತು. ಬಡಾವಣೆಗೆ ಹೊಸದಾಗಿ ಬಂದ ಹೆಂಗಸರು ಬಟ್ಟೆಯ ತುಂಡು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ರವಿಕೆ ಹೊಲೀತೀರಂತಲ್ಲ?"

"ಹೊಲಿಯೋದಿಲ್ಲ ಕಣವ್ವ, ಬರೀ ಕೊಯ್ಯೋದು. ಕಲ್ಲಿದ್ರೆ ತನ್ನಿ."

ಅದು ಹೊಲಿಗೆ ಮಿಷನ್ನಿನ ಕಾಲುಭಾಗವೇ. ಮೇಲಿನ ತಲೆಯನ್ನು ಬಿಚ್ಚಿ, ಆ ಜಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ, ಹಲ್ಲಿಲ್ಲದ ಮೆದು ಕಬ್ಬಿಣದ ಚಕ್ರ ಕೂರಿಸಿತ್ತು. ಚಕ್ರದ ಕೆಳಗೆ ತಗಡಿನ ತೊಟ್ಟಿ, ತೊಟ್ಟಿಯಲ್ಲಿ ಕುರಂದವೆಂಬ ಬಲು ಗಟ್ಟಿ ಕಲ್ಲಿನ ಪುಡಿ ಕಲಸಿದ ಕೆಸರುನೀರು. ಕಲ್ಲನ್ನು ಒಂದು ಮರದ ತೋಳಿಗೆ ಅರಗು ಹಾಕಿ ಕೂರಿಸಿ, ತೋಳಿನ ತುದಿಗೆ ಭಾರ ಕಟ್ಟಿ, ಚಕ್ರದ ಮೇಲೆ ಇಳಿಬಿಟ್ಟು ಪೆಡಲು ತುಳಿಯಬೇಕು. ಕೊಯ್ಯುವುದು ಚಕ್ರವಲ್ಲ, ಅದಕ್ಕೆ ಮೆತ್ತಿಕೊಂಡ ಪುಡಿ. ಹೊಟ್ಟೆಯೊಳಗೆ ಬಣ್ಣಬಣ್ಣದ ಗೆರೆಯಿರುವ ಅಗೇಟು ಕಲ್ಲು, ನಿಂಬೆಹಣ್ಣಿನ ಗಾತ್ರದ್ದಾದರೂ, ಎರಡು ಹೋಳಾಗಲು ಇಡೀ ದಿನ ಹಿಡಿಯುತ್ತಿತ್ತು. ಬಂದವರು ಇನ್ನೆಷ್ಟು ಹೊತ್ತು ಎಂದರೆ ಕೆಂಪಕ್ಕ ಮೂಲೆಗೆ ಕೈ ತೋರಿಸುತ್ತಿದ್ದರು: "ಅವಸರ ಇರೋರಿಗೆ ಅಲ್ಲಿ ಸುತ್ತಿಗೆ ಐತೆ."

ಅವರು ಸುಂಕದಕಟ್ಟೆಯ ಒಕ್ಕಲು ಮನೆಯ ಮಗಳು. ಅವರ ಗಂಡ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ಕಲ್ಲು ಕೊಯ್ಯುವ ಕೆಲಸದಲ್ಲಿದ್ದರು. ಕಲ್ಲನ್ನು ಕಾಗದಕ್ಕಿಂತ ತೆಳ್ಳಗೆ ಅರೆದು, ಗಾಜಿಗೆ ಅಂಟಿಸಿ, ಸಾಹೇಬರ ಮೈಕ್ರೋಸ್ಕೋಪಿಗೆ ಒದಗಿಸುವುದು. ಕೊನೆಯ ವರ್ಷಗಳಲ್ಲಿ ಅವರ ಕಣ್ಣು ಮಂಜಾಯಿತು. ಅರೆಯುವ ಕೆಲಸ ಗುಟ್ಟಾಗಿ ಮನೆಗೆ ಬಂತು, ಹೆಂಡತಿಯ ಕೈಗೆ ಬಂತು. ಅವರು ತೀರಿಕೊಂಡ ಮೇಲೆ ಕೆಂಪಕ್ಕ ಆ ಕೆಲಸ ಕೇಳಿಕೊಂಡು ಆಫೀಸಿಗೆ ಹೋದರು. ಹೆಂಗಸರಿಗೆ ಕಲ್ಲಿನ ಕೆಲಸ ಆಗುವುದಿಲ್ಲ ಎಂದು ಹೇಳಿ ಕಳಿಸಿದರಂತೆ.

"ಮೂರು ವರ್ಷದಿಂದ ನಾನೇ ಮಾಡ್ತಿದ್ದೆ ಕಣವ್ವ. ಆಗೋದಿಲ್ಲ ಅಂತ ಇವರು ನಂಗೇ ಹೇಳ್ತವ್ರೆ!" ಎಂದು ಅವರು ನಗುತ್ತಿದ್ದರು. ಆ ನಗೆಯಲ್ಲಿ ದುಃಖವೇನೂ ಇರಲಿಲ್ಲ. ಚಕ್ರಕ್ಕೆ ಕಲ್ಲು ತಾಕಿದಾಗ ಆಗುವ ಸದ್ದಿನಂತಿತ್ತು.

ಚಿಕ್ಕಪೇಟೆಯ ಉಂಗುರದ ಅಂಗಡಿಯವರಿಗೆ ಹಕೀಕ್ ಕಲ್ಲು, ಅಂದರೆ ಅಗೇಟು, ಸಾಣೆ ಹಿಡಿದು ಕೊಡುವುದು ಅವರ ಜೀವನ. ಮಿಕ್ಕಂತೆ ಯಾರು ಯಾವ ಕಲ್ಲು ತಂದರೂ ಕೊಯ್ಯುತ್ತಿದ್ದರು. ಕೂಲಿ ಮುಟ್ಟುತ್ತಿರಲಿಲ್ಲ. ಅವರದು ಒಂದೇ ಕಟ್ಟಳೆ: ತಂದವರಿಗೆ ಅರ್ಧ, ಕೊಯ್ದವಳಿಗೆ ಅರ್ಧ. ತಮ್ಮ ಪಾಲಿನ ಅರ್ಧಗಳನ್ನು ಕಾಗದದಲ್ಲಿ ಸುತ್ತಿ, ಸೀಮೆಎಣ್ಣೆಯ ಹಳೆಯ ಡಬ್ಬಗಳಲ್ಲಿ ಜೋಡಿಸಿಡುತ್ತಿದ್ದರು. ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ ಕಲ್ಲು ಬಂದ ಊರಿನ ಹೆಸರು, ಅಷ್ಟೇ.

"ಕಲ್ಲಿನ ಹೆಸರು ಯಾಕೆ ಬರೆಯೋದಿಲ್ಲ ಕೆಂಪಕ್ಕ?" ಎಂದು ನಾನು ಕೇಳಿದ್ದೆ.

"ಹೆಸರು ಯಾವಾಗ ಬೇಕಾದ್ರೂ ನೋಡಿ ಹೇಳಬೌದು. ಊರು? ತಂದೋರು ಎದುರಿಗಿದ್ದಾಗ ಕೇಳಿದ್ರೆ ಉಂಟು, ಇಲ್ಲದಿದ್ರೆ ಹೋಯ್ತು. ಊರಿಲ್ಲದ ಕಲ್ಲು ಎಷ್ಟು ಚೆನ್ನಾಗಿದ್ರೂ ಬೀದೀಲಿ ಸಿಕ್ಕಿದ ಕೂಸು."

ನಾನು ಆಗ ಕಾಲೇಜಿನಲ್ಲಿ ಭೂವಿಜ್ಞಾನ ಓದುತ್ತಿದ್ದೆ. ತರಗತಿಯಲ್ಲಿ ಒಬ್ಬಳೇ ಹುಡುಗಿ. ವರ್ಷಕ್ಕೊಮ್ಮೆ ಹುಡುಗರನ್ನು ಕಲ್ಲು ಆರಿಸಲು ಟೂರಿಗೆ ಕರೆದೊಯ್ಯುತ್ತಿದ್ದರು. ಜೊತೆಗೆ ಹೆಂಗಸರು ಯಾರೂ ಇಲ್ಲವೆಂದು ನನ್ನನ್ನು ಬಿಟ್ಟು ಹೋಗುತ್ತಿದ್ದರು. ಆ ಟೂರಿನ ಉಸ್ತುವಾರಿ ನನ್ನ ಸ್ವಂತ ಸೋದರಮಾವನದೇ. ಶ್ರೀಕಂಠಮಾವ ಅದೇ ಕಾಲೇಜಿನಲ್ಲಿ ಡೆಮಾನ್ಸ್ಟ್ರೇಟರ್. ನನಗಿಂತ ಎಂಟೇ ವರ್ಷ ದೊಡ್ಡವನು. ಅವನೂ ಅಜ್ಜಿಯೂ ನಮ್ಮ ಮನೆಯಲ್ಲೇ ಇದ್ದರು. ಭೀಮಾ ನದಿಯ ತೀರದಿಂದ ಅವನು ಗೋಣಿಚೀಲದಲ್ಲಿ ಅಗೇಟು ಹೊತ್ತು ತರುವುದು, ಕೆಂಪಕ್ಕನ ಮನೆಯ ಜಗಲಿಯ ಮೇಲೆ ಸುರಿಯುವುದು, ತಿಂಗಳೊಪ್ಪತ್ತಿನಲ್ಲಿ ತನ್ನ ಅರ್ಧಗಳನ್ನು ಕಾಲೇಜಿಗೆ ಒಯ್ಯುವುದು. ಹೀಗೆ ನಡೆದುಬಂದಿತ್ತು. ಅಲ್ಲಿ ಅವುಗಳನ್ನು ಕೊಯ್ದವರು ಯಾರೆಂದು ಅವನನ್ನು ಯಾರೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ.

ಟೂರು ತಪ್ಪಿದ ಸಿಟ್ಟಿಗೆ ನಾನು ಕೆಂಪಕ್ಕನ ಜಗಲಿ ಹಿಡಿದೆ. ಕಲ್ಲು ಗುರುತಿಸುವುದನ್ನು ನಾನು ಕಲಿತದ್ದು ಅಲ್ಲಿ. ಮೊದಲು ಅಂಗೈಯಲ್ಲಿಟ್ಟು ತೂಕ ಕೇಳಬೇಕು. ಆಮೇಲೆ ಒಡೆದ ಗಾಜಿನ ಮೇಲೆ ಗೀರಬೇಕು. ಗಾಜು ಗೀರಿದರೆ ಕಲ್ಲು ಗಟ್ಟಿ, ಕಲ್ಲು ಸವೆದರೆ ಸುಣ್ಣದ ಜಾತಿ. ಮುರಿದ ಪಿಂಗಾಣಿ ಬಟ್ಟಲಿನ ಒರಟು ಅಂಚಿಗೆ ಉಜ್ಜಿದಾಗ ಕೆಂಪು ಗೆರೆ ಬಂದರೆ ಕಬ್ಬಿಣವಿದೆ. ಬಣ್ಣ ಕೊನೆಗೆ. ನಾನು ಅವಸರಪಟ್ಟು ಬಣ್ಣ ಹೇಳಿದರೆ ಬೈಗುಳ ಬರುತ್ತಿತ್ತು.

"ಬಣ್ಣ ನೋಡಿ ಕಲ್ಲು ಹೇಳೋದು, ಸೀರೆ ನೋಡಿ ಹೆಣ್ಣು ಒಪ್ಪಿದಂಗೆ. ನಿಮ್ಮ ಕಾಲೇಜಲ್ಲಿ ಅಂಗೇನಾ ಕಾಲೇಜಮ್ಮ?"

ಕಾಲೇಜಮ್ಮ ಎಂದೇ ಅವರು ನನ್ನನ್ನು ಕರೆಯುತ್ತಿದ್ದುದು.

ಒಂದು ಬೇಸಿಗೆಯಲ್ಲಿ ಕೆಂಪಕ್ಕ ಏನೋ ಕೇಳಲೆಂದು ನಮ್ಮ ಹಿತ್ತಿಲಿಗೆ ಬಂದಿದ್ದರು. ಅಜ್ಜಿ ಮಾವಿನ ಮಿಡಿಯನ್ನು ಉಪ್ಪಿಗೆ ಹಾಕಿ, ಜಾಡಿಯೊಳಗೆ ಹಲಗೆ ಇಟ್ಟು, ಹಲಗೆಯ ಮೇಲೆ ಒಂದು ಗುಂಡುಕಲ್ಲು ಹೇರಿದ್ದರು. ಕಿತ್ತಳೆಯ ಗಾತ್ರ, ಮೈತುಂಬ ಗಂಟು, ಒಣಗಿದ ಸಗಣಿಯ ಬಣ್ಣ. ವರ್ಷಗಟ್ಟಲೆ ನಾನು ನೋಡಿದ್ದ, ಭೂವಿಜ್ಞಾನದ ಮಾವ ದಿನವೂ ನೋಡುತ್ತಿದ್ದ ಕಲ್ಲು. ಕೆಂಪಕ್ಕ ಬಗ್ಗಿದರು.

"ಮುಟ್ಟಬೇಡ್ವೇ ಜಾಡೀನ! ಮಡೀಲಿದೆ," ಎಂದರು ಅಜ್ಜಿ.

"ಜಾಡಿ ಬ್ಯಾಡ ಅಜ್ಜಿ, ಕಲ್ಲು ಕೊಡಿ. ಕಲ್ಲಿಗೆ ಯಾವ ಮೈಲಿಗೆ? ಇದು ಎಲ್ಲೀದು?"

ಅಜ್ಜಿ ದ್ವಾರಕೆಯ ಯಾತ್ರೆಗೆ ಹೋಗಿದ್ದಾಗ ಗಿರ್ನಾರಿನ ತಪ್ಪಲಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಂಡರಂತೆ. ಅದರಲ್ಲಿ ಒಂದು ಗುಂಡಗೆ ಮುದ್ದಾಗಿದೆಯೆಂದು ಬಟ್ಟೆಗಂಟಿನಲ್ಲಿ ಸುತ್ತಿ ತಂದರು. ಜೊತೆಯವರೆಲ್ಲ ಗೋಪಿಚಂದನ ತಂದರೆ ಅಜ್ಜಿ ತಂದದ್ದು ಒಲೆಯ ಕಲ್ಲು. ಕೆಂಪಕ್ಕ ಅದನ್ನು ನಾಲಿಗೆಗೆ ಮುಟ್ಟಿಸಿದರು. ಉಪ್ಪು ತಾಗಿ ಮುಖ ಕಿವುಚಿದರು. ಆಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮರುದಿನ ಸುಂಕದಕಟ್ಟೆಯಿಂದ ಒಂದು ಕರಿಕಲ್ಲಿನ ಗುಂಡು ತಂದು ಅಜ್ಜಿಯ ಮುಂದಿಟ್ಟು, "ಇದು ನಮ್ಮೂರೋನು, ಎಷ್ಟು ಉಪ್ಪಿಗೂ ಜಗ್ಗಲ್ಲ," ಎಂದು ಹೇಳಿ ಆ ಗಂಟುಕಲ್ಲನ್ನು ತೆಗೆದುಕೊಂಡು ಹೋದರು.

ಕೊಯ್ಯಲು ಮೂರು ದಿನ ಹಿಡಿಯಿತು. ಮೂರನೆಯ ಮಧ್ಯಾಹ್ನ ಎರಡು ಹೋಳುಗಳು ಬೇರೆಯಾಗಿ ತೊಟ್ಟಿಗೆ ಬಿದ್ದವು. ಕೆಂಪಕ್ಕ ಚೊಂಬಿನ ನೀರು ಹುಯ್ದರು. ಕೆಸರು ಇಳಿಯಿತು. ಹೊರಗೆ ಬೆರಳಿನ ದಪ್ಪದ ಕಂದು ಗೋಡೆ. ಅದರೊಳಗೆ ಐದು ತೋಳಿನ ನಕ್ಷತ್ರ. ನಕ್ಷತ್ರದೊಳಗೆ ಒಂದರೊಳಗೊಂದು ಗೆರೆ, ಹಾಲು ಬಿಳುಪು, ಬೂದಿ ನೀಲಿ, ನಡುವೆ ಹರಳಿನ ಚಿಕ್ಕ ಗುಹೆ. ಅಜ್ಜಿಯನ್ನು ಕೂಗಿ ಕರೆದೆ. ಅವರು ಜಗಲಿ ಹತ್ತದೆ ಕೆಳಗಿನಿಂದಲೇ ಕತ್ತು ಚಾಚಿ ನೋಡಿ, "ಇಷ್ಟು ವರ್ಷ ಉಪ್ಪುನೀರಲ್ಲಿ ಕೂತಿತ್ತಲ್ಲೇ, ಪಾಪ," ಎಂದರು.

"ಸಿಡಿಲುಮೊಟ್ಟೆ," ಎಂದರು ಕೆಂಪಕ್ಕ. "ನಮ್ಮ ಯಜಮಾನ್ರು ಒಂದೇ ಒಂದು ಕೊಯ್ದಿದ್ರು. ಅವರ ಸಾಹೇಬ ಇಂಗ್ಲಿಷಲ್ಲಿ ತಂಡರ್ ಎಗ್ ಅಂದಿದ್ನಂತೆ. ಭೀಮಾ ಹೊಳೆ ಅಗೇಟಿಗೆ ತೆಳ್ಳಗೆ ಹಸಿರು ಸಿಪ್ಪೆ ಇರ್ತದೆ, ಕಡಲೆಕಾಯಿ ಒಳಗಿನ ಸಿಪ್ಪೆಯಂಗೆ. ಇವನಿಗೆ ನೋಡು, ಸಿಪ್ಪೆ ಅಲ್ಲ, ಕೋಟೆಗೋಡೆ."

ಒಂದು ಅರ್ಧ ಕೆಂಪಕ್ಕನ ಡಬ್ಬಕ್ಕೆ ಹೋಯಿತು. ಇನ್ನೊಂದು ಅಜ್ಜಿಯದು. ಅದು ದೇವರ ಮನೆಯ ಗೂಡಿನಲ್ಲಿ ಒಂದು ವಾರವೂ ಇರಲಿಲ್ಲ. "ಅಮ್ಮ, ಪ್ರೊಫೆಸರ್‌ಗೆ ಒಂದ್ಸಲ ತೋರಿಸಿ ತಂದುಬಿಡ್ತೀನಿ," ಎಂದು ಮಾವ ಒಯ್ದ. ಅದು ಮನೆಗೆ ಮರಳಲಿಲ್ಲ.

ಆ ವರ್ಷ ಮಾವನ ಕೆಲಸ ಕಾಯಂ ಆಗಬೇಕಿತ್ತು. ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ ನಡೆಯಿತು, ಊರವರಿಗೆಲ್ಲ ಪ್ರವೇಶ. ಭೂವಿಜ್ಞಾನದ ಕೋಣೆಯಲ್ಲಿ, ಬಾಗಿಲಿನ ಎದುರಿಗೇ, ಗಾಜಿನ ಕಪಾಟಿನ ನಡುವೆ ಅಜ್ಜಿಯ ಅರ್ಧ ಕೂತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ದಪ್ಪ ಕಾಗದದ ಚೀಟಿ: ಅಗೇಟು, ಭೀಮಾ ನದಿ ತೀರ, ಸಂಗ್ರಹ ಮತ್ತು ಛೇದನ, ಅದರ ಮುಂದೆ ಮಾವನ ಪೂರ್ತಿ ಹೆಸರು. ಅವನ ಟೂರಿನ ಸಂಗ್ರಹದಲ್ಲಿ ಅಷ್ಟು ಚೆಲುವಾದದ್ದು ಬೇರೆ ಇರಲಿಲ್ಲ. ಅದನ್ನು ಅವುಗಳ ಸಾಲಿಗೇ ಸೇರಿಸಿಬಿಟ್ಟಿದ್ದ.

ಅಂದು ಸಂಜೆ ಕೆಂಪಕ್ಕನಿಗೆ ಹೇಳಿದೆ. ನ್ಯಾಯಕ್ಕಾಗಿ ಹೇಳಿದೆನೋ, ಟೂರಿಗೆ ಕರೆದುಕೊಂಡು ಹೋಗದವನ ಮೇಲಿನ ಹೊಟ್ಟೆಯುರಿಗೆ ಹೇಳಿದೆನೋ, ಈಗಲೂ ತೀರ್ಮಾನಿಸಲಾರೆ. ಕೆಂಪಕ್ಕ ಹೆಸರಿನ ಸುದ್ದಿ ಎತ್ತಲಿಲ್ಲ.

"ಊರು ಏನಂತ ಬರೆದವ್ರೆ?"

"ಭೀಮಾ ತೀರ ಅಂತ."

ಪೆಡಲು ನಿಂತಿತು. "ನಿಮ್ಮಜ್ಜಿ ಭೀಮಾ ತೀರದಲ್ಲಿ ಯಾವಾಗ ಒಲೆ ಹೂಡಿದ್ರು?" ಎಂದವರು ಎದ್ದು ಡಬ್ಬದ ಮುಚ್ಚಳ ತೆಗೆದರು.

ಮಾರನೆಯ ದಿನ ಇಬ್ಬರೂ ಬಸ್ಸಿನಲ್ಲಿ ಹೋದೆವು. ಕೆಂಪಕ್ಕ ತಮ್ಮ ಒಂದೇ ಒಂದು ಜರಿಯಂಚಿನ ಸೀರೆ ಉಟ್ಟಿದ್ದರು. ಟವೆಲಿನಲ್ಲಿ ಸುತ್ತಿದ ಕಲ್ಲು ಮಡಿಲಲ್ಲಿತ್ತು. ಕಾಲೇಜಿನ ಕಾರಿಡಾರಿನಲ್ಲಿ ಹುಡುಗನೊಬ್ಬ, "ಅಮ್ಮಾ, ಅಡುಗೆ ಸ್ಟಾಲು ಆ ಕಡೆ," ಎಂದ. ಅವನ ಗೆಳೆಯರು ನಕ್ಕರು.

"ಗೊತ್ತು ಮಗಾ. ನಾನು ಉಪ್ಪಿನಕಾಯಿ ಕಲ್ಲು ನೋಡಾಕೆ ಬಂದಿವ್ನಿ. ಅದು ಈ ಕಡೆ."

ಕಪಾಟಿನ ಪಕ್ಕದಲ್ಲಿ ಮಾವನಿದ್ದ, ಸೂಟು ಹಾಕಿದ ವಯಸ್ಸಾದ ಪ್ರೊಫೆಸರ್ ಇದ್ದರು, ನಾಲ್ಕಾರು ಜನ ಸುತ್ತ ನಿಂತಿದ್ದರು. ಕೆಂಪಕ್ಕ ನೇರವಾಗಿ ಪ್ರೊಫೆಸರ್ ಎದುರು ನಿಂತು, "ಆ ಕಲ್ಲು ಸ್ವಲ್ಪ ತೆಗೀರಿ ಸ್ವಾಮಿ," ಎಂದರು.

"ಮುಟ್ಟೋಹಾಗಿಲ್ಲಮ್ಮ," ಎಂದ ಮಾವ, ಕೆಂಪಕ್ಕನನ್ನು ಎಂದೂ ನೋಡಿಲ್ಲದವನ ಹಾಗೆ.

"ಯಾರಿವರು, ಶ್ರೀಕಂಠ?" ಎಂದರು ಪ್ರೊಫೆಸರ್.

"ನಮ್ಮ ಬೀದೀಲಿರೋರು ಸಾರ್. ಸ್ವಲ್ಪ..." ಎಂದು ಅವನು ಬೆರಳನ್ನು ತಲೆಯ ಪಕ್ಕ ತಿರುಗಿಸಿದ. ಹಾಗೆಂದು ನನ್ನ ನೆನಪು. ಕನ್ನಡಕ ಸರಿಮಾಡಿಕೊಂಡದ್ದೂ ಇರಬಹುದು.

"ಬೀದಿಯೋಳು ಅಲ್ಲ ಸ್ವಾಮಿ, ಕೊಯ್ದೋಳು," ಎಂದು ಕೆಂಪಕ್ಕ ಟವೆಲು ಬಿಚ್ಚಿದರು.

ಪ್ರೊಫೆಸರ್ ಒಂದು ಕ್ಷಣ ಆ ನಕ್ಷತ್ರವನ್ನು ನೋಡಿದರು. ತಾವೇ ಬೀಗದ ಕೈ ತಿರುಗಿಸಿ ಒಳಗಿನ ಅರ್ಧವನ್ನು ತೆಗೆದು ಕೊಟ್ಟರು. ಕೆಂಪಕ್ಕ ಎರಡೂ ಹೋಳುಗಳನ್ನು ಮೇಜಿನ ಮೇಲೆ ಜೋಡಿಸಿ ಒತ್ತಿ ಹಿಡಿದರು. ಎರಡೂ ಒಂದೇ ಉಂಡೆಯ ಹಾಗೆ ಕಂಡವು. ಆದರೆ ಮೇಲ್ಮೈಯಲ್ಲಿ ಓರೆಯಾಗಿ ಹರಿದಿದ್ದ ಏಣುಗಳು ಸೀಳಿನ ಹತ್ತಿರ ಬಂದು ಕೂದಲೆಳೆಯಷ್ಟು ಪಕ್ಕಕ್ಕೆ ಜಾರಿದ್ದವು.

"ನೋಡಿ ಸಾರ್, ಗೆರೆ ಕೂಡೋದಿಲ್ಲ. ಇದು ಬೇರೆ ಕಲ್ಲು," ಎಂದ ಮಾವ.

ಕೆಂಪಕ್ಕ ಗಟ್ಟಿಯಾಗಿ ನಕ್ಕುಬಿಟ್ಟರು. "ಕೂಡಿದ್ರೆ ಸುಳ್ಳು ಕಣಪ್ಪ! ಕೊಯ್ಯೋವಾಗ ಚಕ್ರದ ಅಲಗು ಪುಡಿ ಮಾಡಿ ತಿಂದಿದ್ದು ಎಲ್ಲಿಗೆ ಹೋಯ್ತು? ಕೊಯ್ದೋರಿಗೆ ಗೊತ್ತಿರ್ತದೆ, ಅಲಗು ಎಷ್ಟು ತಿನ್ನುತ್ತೆ ಅಂತ." ಹಾಗೆನ್ನುತ್ತ ಕಪಾಟಿನೊಳಗೆ ಕೈ ಹಾಕಿ ಮಾವನ ಹೆಸರಿದ್ದ ಆ ಚೀಟಿಯನ್ನೇ ಎತ್ತಿಕೊಂಡರು. ಅದನ್ನು ಒಮ್ಮೆ ಮಡಿಸಿದರು, ಇನ್ನೊಮ್ಮೆ ಮಡಿಸಿದರು, ಉಗುರಿನಿಂದ ತೀಡಿ ದಪ್ಪ ನೋಡಿದರು. ಎರಡು ಹೋಳುಗಳ ನಡುವೆ ಇಟ್ಟು ಒತ್ತಿದರು. ಏಣುಗಳು ಒಂದನ್ನೊಂದು ಹುಡುಕಿಕೊಂಡು ಬಂದ ಹಾಗೆ ನೇರವಾಗಿ ಸೇರಿದವು.

ಈ ಭಾಗದ ಬಗ್ಗೆ ಮಾತ್ರ ನನಗೆ ಯಾವ 'ಇರಬಹುದು'ವೂ ಇಲ್ಲ.

"ಅಗೇಟು ಅನ್ನೋದೂ ತಪ್ಪೇನಮ್ಮ ಹಾಗಾದರೆ?" ಎಂದು ಪ್ರೊಫೆಸರ್ ಸೌಜನ್ಯದಿಂದಲೇ ಕೇಳಿದರು.

"ಹೊಟ್ಟೆ ಅಗೇಟು. ಬಸುರೀಲಿ ಕೂಸೈತೆ ಅಂತ ತಾಯೀನ ಕೂಸು ಅಂತೀರಾ ಸ್ವಾಮಿ? ಇದು ಸಿಡಿಲುಮೊಟ್ಟೆ. ಗಿರ್ನಾರು ಬೆಟ್ಟದ್ದು. ಇವರ ತಾಯಿ ಯಾತ್ರೆಗೆ ಹೋದಾಗ ತಂದಿದ್ದು."

"ಅಷ್ಟು ದೂರದಿಂದ ಯಾತ್ರಿಕರು ಕಲ್ಲು ಹೊತ್ತು ತರುತ್ತಾರೆಯೇ?" ಪ್ರೊಫೆಸರ್ ಮಾವನ ಕಡೆ ತಿರುಗಿದರು. ಮಾವ ನನ್ನ ಕಡೆ ತಿರುಗಿದ.

"ನೀನೇ ಹೇಳೇ. ಇದು ನಮ್ಮ ಟೂರಿನ ಕಲ್ಲು ತಾನೆ?"

ನನ್ನ ನೆನಪಿನಲ್ಲಿ ನಾನು ಉತ್ತರ ಕೊಡುತ್ತೇನೆ. "ಅಲ್ಲ ಸಾರ್, ಅಜ್ಜಿಯ ಜಾಡಿ ಕಲ್ಲು," ಎನ್ನುತ್ತೇನೆ. ದನಿ ನಡುಗುವುದಿಲ್ಲ. ಇಷ್ಟು ವರ್ಷ ಆ ಉತ್ತರದ ಮೇಲೆ ನಾನು ನನ್ನನ್ನು ಮೆಚ್ಚಿಕೊಂಡು ಬದುಕಿದ್ದೇನೆ. ಮೊನ್ನೆ ಆ ದಿನದ ದಿನಚರಿ ತೆಗೆದು ನೋಡಿದೆ. ಒಂದೂವರೆ ಸಾಲು ಇದೆ: "ಎಕ್ಸಿಬಿಷನ್. ತುಂಬ ಜನ. ತಲೆನೋವು, ಊಟ ಬೇಡವೆನಿಸಿತು." ಧೈರ್ಯವಾಗಿ ಮಾತಾಡಿ ಬಂದ ಹುಡುಗಿ ಅಷ್ಟನ್ನೇ ಬರೆದು ಮಲಗುತ್ತಾಳೆಯೇ? ಇನ್ನೊಂದು ಸಾಕ್ಷಿಯೂ ನನಗೆ ವಿರುದ್ಧವಾಗಿದೆ. ಮುಂದಿನ ವಾರ ಕಪಾಟಿಗೆ ಹೊಸ ಚೀಟಿ ಬಂತು. ಕಲ್ಲಿನ ಹೆಸರು ತಿದ್ದಿತ್ತು, ಸಿಡಿಲುಮೊಟ್ಟೆ ಎಂದೇ ಇತ್ತು. ಸಂಗ್ರಹ ಮತ್ತು ಛೇದನ ಎಂಬಲ್ಲಿ ಮಾವನ ಹೆಸರು ಹಾಗೆಯೇ ಇತ್ತು. ಸ್ಥಳ: ತಿಳಿದಿಲ್ಲ. ನಾನು ಬಾಯಿ ಬಿಟ್ಟು ಹೇಳಿದ್ದರೆ ತಿಳಿದಿಲ್ಲ ಎಂದು ಯಾಕೆ ಬರೆಯುತ್ತಿದ್ದರು?

ಹಿಂದಿರುಗುವಾಗ ಕೆಂಪಕ್ಕ ಬಸ್ಸಿನಲ್ಲಿ ಅದರ ಬಗ್ಗೆ ಏನಾದರೂ ಅಂದಿದ್ದರೆ, ಅದರಿಂದ ಗೊತ್ತಾಗುತ್ತಿತ್ತು. ಅವರು ಅಂದದ್ದು, "ಹೊಟ್ಟೆ ಹಸೀತದೆ ಕಣವ್ವ, ಕಡಲೆಕಾಯಿ ತಗೋ." ತಮ್ಮ ಅರ್ಧವನ್ನು ಮೊದಲಿನ ಹಾಗೆಯೇ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದರು. ಸಿಪ್ಪೆಯನ್ನೂ ಅದರ ಪಕ್ಕಕ್ಕೇ ಹಾಕಿಕೊಂಡರು.

ಮನೆಯಲ್ಲಿ ಅಮ್ಮ ನನ್ನೊಂದಿಗೆ ಎರಡು ವಾರ ಮಾತಾಡಲಿಲ್ಲ, ಮನೆಯ ಮಾನ ಕಳೆದೆನೆಂದು. ಮಾತಾಡಿದ್ದಕ್ಕೋ, ಕೆಂಪಕ್ಕನನ್ನು ಕರೆದುಕೊಂಡು ಹೋದದ್ದಕ್ಕೋ, ಅದನ್ನು ಅಮ್ಮ ಬಿಡಿಸಿ ಹೇಳಲಿಲ್ಲ. ಅಜ್ಜಿ ಮಾತ್ರ ದಿನವೂ, "ನನ್ನ ಕಲ್ಲು ಎಲ್ಲೋ ಶ್ರೀಕಂಠ?" ಎಂದು ಕೇಳುತ್ತಿದ್ದರು. ಅವನು ದಿನವೂ, "ನಾಳೆ ತರ್ತೀನಮ್ಮ," ಎನ್ನುತ್ತಿದ್ದ.

ಮಾವನ ಕೆಲಸ ಕಾಯಂ ಆಯಿತು. ಮರುವರ್ಷ ಟೂರಿನಿಂದ ಬಂದವನು ಏನೂ ಆಗಿಲ್ಲವೆಂಬಂತೆ ಗೋಣಿಚೀಲವನ್ನು ಕೆಂಪಕ್ಕನ ಜಗಲಿಗೆ ತಂದ. ಕೆಂಪಕ್ಕ ಬಾಗಿಲು ಹಾಕಲಿಲ್ಲ, ಬೈಯಲೂ ಇಲ್ಲ. ಪೆಡಲಿನ ಮುಂದಿನ ಮಣೆಯನ್ನು ಸೆರಗಿನಿಂದ ಒರೆಸಿದರು.

"ಬನ್ನಿ ಸಾರ್, ಕೂತ್ಕಳಿ. ಛೇದನ ತಾವೇ ಮಾಡೋದಲ್ವಾ? ನೋಡಿ ನಾವೂ ಕಲೀತೀವಿ."

ಬೀದಿಯ ಹೆಂಗಸರು ನೋಡುತ್ತಿದ್ದರು. ಹಿಂದಿರುಗುವುದು ಅವಮಾನವೆನ್ನಿಸಿರಬೇಕು, ಮಾವ ಕೂತ. ಹೊಲಿಗೆ ಮಿಷನ್ ತುಳಿಯಲು ಬಾರದವರು ಮಾಡುವ ತಪ್ಪನ್ನೇ ಮಾಡಿದ. ಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುವಿ ಹೊರಡಿಸದೆ ನೇರ ಪೆಡಲು ಒತ್ತಿಬಿಟ್ಟ. ಚಕ್ರ ಹಿಂದಕ್ಕೆ ತಿರುಗಿ, ತೊಟ್ಟಿಯ ಕೆಸರನ್ನೆಲ್ಲ ಎತ್ತಿ ಅವನ ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಮೇಲೆ ಹೊಟ್ಟೆಯಿಂದ ಗದ್ದದವರೆಗೆ ಒಂದು ನೇರ ಪಟ್ಟೆ ಎಳೆಯಿತು.

"ಎದ್ದೇಳಿ ಸಾರ್," ಎಂದರು ಕೆಂಪಕ್ಕ. "ನಮ್ಮ ಯಜಮಾನ್ರೂ ಮೊದಲ ದಿನ ಅಂಗೇ ಮಾಡಿದ್ರು. ಆದ್ರೆ ಅವರು ಅವತ್ತು ಕೊಯ್ದೆ ಅಂತ ಬರಕೊಳ್ಳಲಿಲ್ಲ."

ಆಮೇಲೆ ಕಾಲೇಜಿನ ಒಂದು ಕಲ್ಲನ್ನೂ ಅವರು ಕೊಯ್ಯಲಿಲ್ಲ. ಅಂದಿನಿಂದ ಕಾಗದದ ಮೇಲೆ ಊರು ಬರೆಯುವುದನ್ನೂ ಬಿಟ್ಟರು. ಚೂಪಾದ ಕುರಂದದ ಚೂರು ಹಿಡಿದು ಕಲ್ಲಿನ ಬೆನ್ನ ಮೇಲೆಯೇ ಊರು ಗೀಚತೊಡಗಿದರು. ಹಳೆಯ ಡಬ್ಬಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೂ ತೆಗೆದು ಗೀಚಿದರು. ಎಷ್ಟೋ ಮಧ್ಯಾಹ್ನಗಳು ಅದರಲ್ಲೇ ಕಳೆದವು. "ಚೀಟಿ ಯಾರು ಬೇಕಾದ್ರೂ ಬದಲಾಯಿಸ್ತಾರೆ. ಇದನ್ನ ಅಳಿಸಬೇಕಾದ್ರೆ ಸಾಣೆ ಹಿಡೀಬೇಕು. ಸಾಣೆ ಹಿಡಿಯಕ್ಕೆ ನನ್ನ ಹತ್ರಾನೇ ಬರಬೇಕು."

ನಾನು ಡಿಗ್ರಿ ಮುಗಿಸಿ ಹೊರ ಊರಿನ ಹೈಸ್ಕೂಲಿಗೆ ಹೊರಟ ವರ್ಷವೇ ಕೆಂಪಕ್ಕ ಮನೆ ಖಾಲಿ ಮಾಡಿ ಸುಂಕದಕಟ್ಟೆಗೆ, ತಮ್ಮನ ಮನೆಗೆ ಹೋದರು. ಹೇಳಿ ಬರೋಣವೆಂದು ಹೋಗಿದ್ದೆ. ಮಾಗಡಿ ರಸ್ತೆಯಿಂದ ಇಳಿದು ಹೊಲದ ಬದುವಿನ ಮೇಲೆ ನಡೆದದ್ದು ಜ್ಞಾಪಕವಿದೆ. ಅವರು ಕೊಟ್ಟಿಗೆಯ ಮೂಲೆಯಲ್ಲಿ ಮಿಷನ್ ಹೂಡಿಕೊಂಡಿದ್ದರು. ಮೊಣಕಾಲು ನೋಯುತ್ತಿದ್ದುದರಿಂದ ತುಳಿಯುವುದು ಕಡಿಮೆಯಾಗಿತ್ತು. ಮಾತಿನ ನಡುವೆ ನಾನು ಸಿಡಿಲುಮೊಟ್ಟೆಯ ಅರ್ಧ ಕೇಳಿದೆ. ನೆನಪಿಗೆ ಇಟ್ಟುಕೊಳ್ಳುತ್ತೇನೆ ಎಂದೆ.

ಕೆಂಪಕ್ಕ ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಬೆನ್ನ ಮೇಲೆ 'ಗಿರ್ನಾರು' ಎಂದು ಕೊಕ್ಕೆ ಕೊಕ್ಕೆ ಅಕ್ಷರ. ನಾನು ನೋಡಿ ಮುಗಿಸುವಷ್ಟರಲ್ಲಿ ಹಿಂದಕ್ಕೆ ತೆಗೆದುಕೊಂಡರು.

"ಇದು ಕೊಯ್ದೋಳ ಪಾಲು, ಕೊಡಲ್ಲ. ನಿಂಗೆ ಬೇಕಾಗಿರೋದು ನಿಮ್ಮಜ್ಜಿ ಪಾಲು. ಅದು ಎಲ್ಲೈತೆ ಅಂತ ನಿಂಗೊತ್ತು. ಹೋಗಿ ತಗಂಡ್ ಬಾ ಕಾಲೇಜಮ್ಮ, ಆಮೇಲೆ ಎರಡೂ ಜೋಡಿಸಿ ನೋಡಾನ."

ಅದು ಚುಚ್ಚಿದ್ದೋ, ಹುರಿದುಂಬಿಸಿದ್ದೋ, ಬಸ್ಸಿನವರೆಗೂ ಯೋಚಿಸಿದೆ. ಅದೇ ಕೊನೆಯ ಭೇಟಿ. ನಾನು ಕಾಲೇಜಿಗೆ ಹೋಗಲಿಲ್ಲ. ಬಹಳ ವರ್ಷಗಳ ಮೇಲೆ ಸುಂಕದಕಟ್ಟೆಗೆ ಹೋದಾಗ ಹೊಲವೂ ಇರಲಿಲ್ಲ, ಬದುವೂ ಇರಲಿಲ್ಲ. ಅವರ ತಮ್ಮನ ಹೆಂಡತಿ ಹೊಸ ತಾರಸಿ ಮನೆಯ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಅತ್ಗೆಮ್ಮ ಹೋಗಿ ಶ್ಯಾನೆ ವರ್ಷ ಆಯ್ತಲ್ಲವ್ವ. ಕಲ್ಲಾ? ಒಂಬತ್ತು ಡಬ್ಬ ಇತ್ತು. ಯಾರಿಗೆ ಬೇಕು? ಮನೆ ಪಾಯಕ್ಕೆ ಸುರಿದ್ಬುಟ್ವಿ. ಭಾಳ ಗಟ್ಟಿ ಕಲ್ಲು, ಮೇಸ್ತ್ರಿ ಖುಷಿಪಟ್ಟ."

ಮೊದಲು ಸಂಕಟವಾಯಿತು. ಬಸ್ಸು ಹತ್ತುವ ಹೊತ್ತಿಗೆ ನಗು ಬಂತು. ಯಾವತ್ತಾದರೂ ಯಾರಾದರೂ ಆ ಮನೆ ಕೆಡವಿ ಪಾಯ ಅಗೆದರೆ, ನಮ್ಮ ಬೆಂಗಳೂರಿನ ನೆಲದಲ್ಲಿ ಎಂದೂ ಹುಟ್ಟದ ಕಲ್ಲುಗಳು ಅಲ್ಲಿ ಸಿಗುತ್ತವೆ. ಸುಂಕದಕಟ್ಟೆಯಲ್ಲಿ ದೊರೆತದ್ದು ಎಂದು ಯಾವ ಮಹಾಶಯನೂ ಚೀಟಿ ಬರೆಯಲಾರ. ಒಂದೊಂದರ ಬೆನ್ನ ಮೇಲೂ ಅದರದರ ಊರಿದೆ. ಸ್ಥಳ ತಿಳಿದಿಲ್ಲ ಎಂಬ ಕಲ್ಲು ಒಂದೇ ಒಂದು. ಅದು ಕಾಲೇಜಿನ ಕಪಾಟಿನಲ್ಲಿದೆ. ಅದರ ಸ್ಥಳ ಗಿರ್ನಾರು, ತಂದವರು ನಮ್ಮಜ್ಜಿ, ಕೊಯ್ದವರು ಕೆಂಪಮ್ಮ, ನಮ್ಮ ಕೆಂಪಕ್ಕ. ಅಂದು ಹೇಳಿದೆನೋ ಇಲ್ಲವೋ, ಇಂದು ಹೇಳಿದ್ದೇನೆ.

ಆ ಕಪಾಟಿನ ಎದುರು ಅಂದು ನಿಂತಿದ್ದವರಲ್ಲಿ ನನಗೆ ಗೊತ್ತಿದ್ದು ಈಗ ಉಳಿದಿರುವವನು ಶ್ರೀಕಂಠಮಾವ ಒಬ್ಬನೇ. ನಿವೃತ್ತನಾಗಿ ಮೈಸೂರಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಎರಡು ಸಲ ಕಾಗದ ಬರೆದೆ. ಎರಡಕ್ಕೂ ತಪ್ಪದೆ ಉತ್ತರ ಬಂತು. ಮೊಣಕಾಲಿನ ನೋವು, ಮೊಮ್ಮಗಳ ಸಂಗೀತ ಪಾಠ, ಈ ವರ್ಷದ ಮಿಡಿ ಸರಿಯಿಲ್ಲ ಎಂಬ ಸುದ್ದಿ, ಎಲ್ಲ ಇತ್ತು. ನಾನು ಕೇಳಿದ ಒಂದು ಸಾಲಿಗೆ ಮಾತ್ರ ಉತ್ತರವಿರಲಿಲ್ಲ. ಹೋದ ತಿಂಗಳು ನಾನೇ ಹೋಗಿ, ಅವನ ಕುರ್ಚಿಯ ಎದುರು ಕುರ್ಚಿ ಎಳೆದು ಕೂತು, ಮುಖ ನೋಡಿಕೊಂಡು ಕೇಳಿದೆ. ಅವನು ಕನ್ನಡಕ ತೆಗೆದ, ಪಂಚೆಯ ಅಂಚಿನಿಂದ ಒರೆಸಿದ, ಮತ್ತೆ ಹಾಕಿಕೊಂಡು ಕಿಟಕಿಯ ಕಡೆ ನೋಡಿದ. ಕಾಫಿ ಬಂತು, ಕುಡಿದೆವು, ನಾನು ಎದ್ದು ಬಂದೆ. ಕಾಗದದಲ್ಲೂ ಎದುರಿಗೂ ನಾನು ಕೇಳಿದ್ದು ಇಷ್ಟೇ:

"ಮಾವ, ಅವತ್ತು ನೀನು ನನ್ನ ಕಡೆ ತಿರುಗಿ ಕೇಳಿದಾಗ, ನಾನು ಬಾಯಿ ಬಿಟ್ಟೆನಾ?"